ಕಾಯದ ಕಿರುಹಾದಿಗಳು

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಒಕ್ಕಲುತನ ಮಾಡಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಹೊಲಕ್ಕೆ ನೀರು ತರುವ ಕಾಲುವೆಯ ಮೇಲೆ ಎಲ್ಲರ ಕಣ್ಣಿರುತ್ತದೆ. ಹೊಲದಿಂದ ನೀರನ್ನು ಹೊರಗೆ ಒಯ್ಯುವ ಬಸಿಗಾಲುವೆಯ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಕಾಲುವೆ ಒಡೆದರೆ ಊರಿಗೆ ಊರೇ ಓಡಿಬರುತ್ತದೆ. ಬಸಿಗಾಲುವೆಯಲ್ಲಿ ಹೂಳು ತುಂಬಿದರೆ ಆ ದಿನ ಏನೂ ಆಗುವುದಿಲ್ಲ. ಕೆಲವು ಕಾಲದ ಮೇಲೆ ಹೊಲದ ಮೂಲೆಯಲ್ಲಿ ಜಿನುಗು ಕಾಣಿಸಿಕೊಳ್ಳುತ್ತದೆ, ಬೆಳೆ ಹಳದಿಗೆ ತಿರುಗುತ್ತದೆ, ಕಾಲಿಟ್ಟರೆ ಕೆಸರು ಹೂಳುತ್ತದೆ. ಬಂದ ನೀರು ಹೋಗಲಾರದೆ ನಿಂತಿತೆಂಬುದು ಆಗ ತಿಳಿಯುತ್ತದೆ. ಅಂಥ ಭೂಮಿಗೆ ರೈತರು ಜವಳು ಎನ್ನುತ್ತಾರೆ. ನೀರಿಲ್ಲದೆ ಕೆಟ್ಟ ಭೂಮಿಯಲ್ಲ ಅದು. ನೀರು ಹೊರಡಲು ದಾರಿಯಿಲ್ಲದೆ ಕೆಟ್ಟ ಭೂಮಿ.

ಮನುಷ್ಯನ ಕಾಯದಲ್ಲಿಯೂ ಇಂಥದೊಂದು ನೀರಾವರಿಯ ಹೊಲವಿದೆ. ಅದುವೇ ಯಕೃತ್ತು. ಬಲಪಕ್ಕೆಯ ಎಲುಬುಗಳ ಮರೆಯಲ್ಲಿ ಕುಳಿತ, ಸುಮಾರು ಒಂದೂವರೆ ಕಿಲೋ ತೂಕದ ಈ ಅಂಗದ ಮೂಲಕ ನಿಮಿಷವೊಂದಕ್ಕೆ ಸರಿಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅದಕ್ಕೆ ಒಳಬರುವ ದಾರಿಗಳು ಎರಡು. ಹೃದಯದಿಂದ ಬರುವ ಅಪಧಮನಿ ಒಂದು. ಹೊಟ್ಟೆ, ಕರುಳು, ಗುಲ್ಮಗಳಿಂದ ಬರುವ ಪೋರ್ಟಲ್ ಅಭಿಧಮನಿ ಇನ್ನೊಂದು. ಬರುವ ರಕ್ತದ ಮುಕ್ಕಾಲು ಪಾಲು ಈ ಎರಡನೆಯ ದಾರಿಯಿಂದಲೇ ಬರುತ್ತದೆ. ಉಂಡ ಅನ್ನದ ಸಾರವೂ ನುಂಗಿದ ಔಷಧದ ಅಂಶವೂ ಮೊದಲು ಇಲ್ಲಿಗೇ ಬಂದು ಸೋಸಿಕೊಂಡು, ತಿಳಿಯಾಗಿ, ಆಮೇಲೆ ಉಳಿದ ಶರೀರಕ್ಕೆ ಸಲ್ಲುತ್ತವೆ.

ಇನ್ನು ಹೊರಹೋಗುವ ದಾರಿ. ಒಳಬಂದ ರಕ್ತವು ಕೂದಲಿಗಿಂತಲೂ ಸಪೂರವಾದ ರಕ್ತಕುಹರಗಳಲ್ಲಿ ಹರಡಿಕೊಳ್ಳುತ್ತದೆ. ಇವುಗಳನ್ನು ವೈದ್ಯರು ಸೈನುಸಾಯ್ಡ್ ಎಂದು ಕರೆಯುತ್ತಾರೆ. ಇವುಗಳ ಒಳಗೋಡೆ ಬಹು ತೆಳುವಾದ ಜೀವಕೋಶಗಳ ಹೊದಿಕೆ. ಆ ಹೊದಿಕೆಯಲ್ಲಿ ಜರಡಿಯಂತೆ ಸೂಕ್ಷ್ಮ ರಂಧ್ರಗಳಿವೆ. ಇಲ್ಲಿಂದ ರಕ್ತವು ಕಿರು ಅಭಿಧಮನಿಗಳಿಗೆ ಸೇರಿ, ಅವು ಕೂಡಿ ದೊಡ್ಡವಾಗಿ, ಕೊನೆಗೆ ಮೂರು ದೊಡ್ಡ ಅಭಿಧಮನಿಗಳ ಮೂಲಕ ಹೃದಯದ ಕಡೆಗೆ ಸಾಗುತ್ತದೆ. ಹಳ್ಳ ಕೂಡಿ ಹೊಳೆಯಾದಂತೆ ಇದರ ರಚನೆ. ಹೊಳೆಯನ್ನು ಯಂತ್ರದ ಪರದೆಯ ಮೇಲೆ ಕಾಣಬಹುದು. ಹಳ್ಳಕ್ಕೂ ಮೊದಲಿನ ಆ ಜಿನುಗುದಾರಿಗಳನ್ನು ಕಾಣಬೇಕಾದರೆ ಸೂಕ್ಷ್ಮದರ್ಶಕವೇ ಬೇಕು.

ಈ ಜಿನುಗುದಾರಿಗಳು ಕಟ್ಟಿಕೊಳ್ಳುವ ವ್ಯಾಧಿಯೊಂದಿದೆ. ಮೊದಲು ಇದಕ್ಕೆ ವೀನೋ ಅಕ್ಲೂಸಿವ್ ಡಿಸೀಸ್, ಅಂದರೆ ಅಭಿಧಮನಿಗಳು ಮುಚ್ಚಿಹೋಗುವ ರೋಗ ಎಂಬ ಹೆಸರಿತ್ತು. 2002ರಲ್ಲಿ ತಜ್ಞರು ಇದನ್ನು ಸೈನುಸಾಯ್ಡಲ್ ಅಬ್‌ಸ್ಟ್ರಕ್ಷನ್ ಸಿಂಡ್ರೋಮ್ ಎಂದು ಕರೆಯುವುದು ಸೂಕ್ತವೆಂದು ಹೇಳಿದರು. ಹೆಸರಿನ ಈ ಬದಲಾವಣೆ ಬರಿಯ ಶಬ್ದದ ಬದಲಾವಣೆಯಲ್ಲ, ತಿಳಿವಿನ ಬದಲಾವಣೆ. ಕಿರು ಅಭಿಧಮನಿ ಮುಚ್ಚುವುದೇ ರೋಗದ ಆರಂಭವೆಂದು ಹಿಂದಿನವರು ತಿಳಿದಿದ್ದರು. ಅದಕ್ಕೂ ಮುಂಚೆ ರಕ್ತಕುಹರದ ಒಳಹೊದಿಕೆಯ ಜೀವಕೋಶಗಳೇ ಪೆಟ್ಟು ತಿನ್ನುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ಪೆಟ್ಟು ತಿಂದ ಕೋಶಗಳು ಉಬ್ಬಿ ದುಂಡಗಾಗುತ್ತವೆ; ಅವುಗಳ ಸಂದಿನಿಂದ ರಕ್ತಕಣಗಳು ಹೊದಿಕೆಯ ಅಡಿಗೆ ನುಸುಳುತ್ತವೆ; ಹೊದಿಕೆ ಕಳಚಿ ಮುಂದಕ್ಕೆ ತೇಲಿ ದಾರಿಯನ್ನು ಕಟ್ಟುತ್ತದೆ. ಹಿಂದೆ ರಕ್ತ ನಿಲ್ಲುತ್ತದೆ, ಯಕೃತ್ತು ಊದುತ್ತದೆ, ನೋಯುತ್ತದೆ. ಅದರಿಂದ ಒಸರಿದ ದ್ರವ ಹೊಟ್ಟೆಯಲ್ಲಿ ಸೇರಿ ಜಲೋದರವಾಗುತ್ತದೆ. ಮುಂದುವರಿದರೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಕಾಯದ ಹೊಲ ಜವಳಾಗುವುದೆಂದರೆ ಇದೇ.

ಈ ರೋಗ ಮೊದಲು ಪ್ರಸಿದ್ಧಿಗೆ ಬಂದದ್ದು ಆಸ್ಪತ್ರೆಯ ಮದ್ದಿನಿಂದಲ್ಲ, ಮನೆಯ ಮದ್ದಿನಿಂದ ಎಂಬುದು ಗಮನಾರ್ಹ. 1954ರಲ್ಲಿ ಜಮೈಕಾ ದ್ವೀಪದ ವೈದ್ಯರು, ಹೊಟ್ಟೆಯುಬ್ಬರಿಸಿಕೊಂಡು ಬರುತ್ತಿದ್ದ ಮಕ್ಕಳ ಯಕೃತ್ತಿನಲ್ಲಿ ಕಿರು ಅಭಿಧಮನಿಗಳು ಮುಚ್ಚಿರುವುದನ್ನು ವಿವರಿಸಿದರು. ಅಲ್ಲಿಯ ಬಡಜನ ಸಣ್ಣಪುಟ್ಟ ಜಡ್ಡುಗಳಿಗೆ ಕಾಡುಸೊಪ್ಪನ್ನು ಕುದಿಸಿ ಚಹದಂತೆ ಮಕ್ಕಳಿಗೆ ಕುಡಿಸುತ್ತಿದ್ದರು. ಆ ಸೊಪ್ಪುಗಳಲ್ಲಿ ಕ್ರೊಟಲೇರಿಯಾ ಕುಲದ ಗಿಡಗಳೂ ಇದ್ದವು. ಒಣಗಿದ ಕಾಯಿಯನ್ನು ಅಲುಗಿಸಿದರೆ ಒಳಗಿನ ಬೀಜ ಗಲಗಲ ಸದ್ದು ಮಾಡುವ, ಹಸಿರು ಗೊಬ್ಬರದ ಸೆಣಬಿನ ಕುಲಕ್ಕೆ ಸೇರಿದ ಗಿಡಗಳಿವು.

ಭಾರತದಲ್ಲಿಯೂ ಹೀಗಾಯಿತು. ಆಗ ಮಧ್ಯಪ್ರದೇಶದಲ್ಲಿದ್ದು ಈಗ ಛತ್ತೀಸಗಢಕ್ಕೆ ಸೇರಿರುವ ಸರ್ಗುಜಾ ಜಿಲ್ಲೆಯ ಹಳ್ಳಿಗಳಲ್ಲಿ 1970ರ ದಶಕದಲ್ಲಿ ಜಲೋದರದ ಪಿಡುಗು ಎದ್ದಿತು. 1976ರಲ್ಲಿ ಪ್ರಕಟವಾದ ವರದಿಯಂತೆ ರೋಗಕ್ಕೆ ತುತ್ತಾದ 67 ಜನರಲ್ಲಿ 28 ಜನ ತೀರಿಕೊಂಡರು. ಕಾರಣ ಹುಡುಕಿದಾಗ ಸಿಕ್ಕಿದ್ದು ಅವರು ಉಣ್ಣುತ್ತಿದ್ದ ಸಾಮೆಯಲ್ಲಿ ಬೆರೆತಿದ್ದ ಕ್ರೊಟಲೇರಿಯಾ ಕಳೆಯ ಬೀಜ. ಅದೇ ವರ್ಷ ಅಫ್ಘಾನಿಸ್ತಾನದಿಂದಲೂ ಇಂಥದೇ ವರದಿ ಬಂತು. ಅಲ್ಲಿ ಗೋಧಿಯಲ್ಲಿ ಬೆರೆತದ್ದು ಹೆಲಿಯೋಟ್ರೋಪಿಯಂ ಎಂಬ ಕಳೆಯ ಬೀಜ. ಚೀನದಲ್ಲಿ ಗೈನುರಾ ಎಂಬ ಮೂಲಿಕೆಯನ್ನು ರಕ್ತಸ್ರಾವಕ್ಕೂ ಪೆಟ್ಟಿಗೂ ಔಷಧವೆಂದು ಸೇವಿಸಿದ ಅನೇಕರಿಗೆ ಇದೇ ರೋಗ ಬಂದಿದೆ. ಇವೆಲ್ಲವುಗಳಲ್ಲಿ ಇರುವುದು ಪೈರೊಲಿಜಿಡೀನ್ ಎಂಬ ಒಂದೇ ಬಗೆಯ ವಿಷಕ್ಷಾರ. ಸೊಪ್ಪು ಎಂದಮಾತ್ರಕ್ಕೆ ಸೌಮ್ಯವೆಂದು ತಿಳಿಯುವುದು ತಪ್ಪು. ಯಕೃತ್ತಿಗೆ ಬಂದದ್ದು ಕಾಡಿನಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬ ಭೇದವಿಲ್ಲ. ಅದರ ಗುಣವೇನು ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಮುಂದೆ ವೈದ್ಯವಿಜ್ಞಾನ ಬೆಳೆದಂತೆ ಈ ವ್ಯಾಧಿ ಬೇರೆ ಬಾಗಿಲಿನಿಂದ ಒಳಬಂತು. ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆಯ ಕಸಿ ಮಾಡುವಾಗ ಕೊಡುವ ಪ್ರಬಲ ಔಷಧಗಳಿಂದ ಕೆಲವರಲ್ಲಿ ಇದು ಕಾಣಿಸಿತು. ಅಂತೆಯೇ, ವಿರಳವಾಗಿ, ಯಕೃತ್ತನ್ನೇ ಕಸಿ ಮಾಡಿಸಿಕೊಂಡವರಲ್ಲಿಯೂ ಕಾಣಿಸಿತು.

ಯಕೃತ್ತಿನ ಕಸಿಗೆ ಮೊದಲು ಕೈಯಿಟ್ಟವರು ಅಮೆರಿಕದ ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜ್ಲ್, 1963ರಲ್ಲಿ. ಆ ಮಗು ಉಳಿಯಲಿಲ್ಲ. 1967ರಲ್ಲಿ ಅವರಿಗೆ ಯಶಸ್ಸು ದೊರೆಯಿತು. ಭಾರತದಲ್ಲಿ 1994ರಲ್ಲಿ ಅಂಗಾಂಗ ಕಸಿಯ ಕಾನೂನು ಬಂದು, 1998ರಲ್ಲಿ ದೆಹಲಿಯಲ್ಲಿ ಪುಟ್ಟ ಮಗುವೊಂದಕ್ಕೆ ತಂದೆಯ ಯಕೃತ್ತಿನ ಭಾಗವನ್ನಿಟ್ಟು ಬದುಕಿಸಲಾಯಿತು. ಈ ದೇಶದಲ್ಲಿ ನಡೆಯುವ ಯಕೃತ್ತಿನ ಕಸಿಗಳಲ್ಲಿ ಹೆಚ್ಚಿನವು ಬದುಕಿರುವ ಆಪ್ತರು ಕೊಟ್ಟ ಭಾಗದಿಂದಲೇ ಆಗುತ್ತವೆ. ಆ ಆಪ್ತರಲ್ಲಿ ತಾಯಿ, ಹೆಂಡತಿ, ಅಕ್ಕತಂಗಿ, ಮಗಳು ಇವರೇ ಬಹಳ. ಕೊಟ್ಟವರ ಯಕೃತ್ತು ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬೆಳೆದುಕೊಳ್ಳುತ್ತದೆ, ಪಡೆದವರಲ್ಲಿಯೂ ಬೆಳೆಯುತ್ತದೆ. ಕೊಟ್ಟರೆ ತೀರದ ಸೊತ್ತು ಎಂಬ ಮಾತಿಗೆ ಶರೀರದಲ್ಲಿಯೇ ಸಾಕ್ಷಿ ಬೇಕೆಂದರೆ ಇದಕ್ಕಿಂತ ಹೆಚ್ಚಿನದಿಲ್ಲ.

ಹೊಸ ಯಕೃತ್ತನ್ನು ಇಟ್ಟ ಶಸ್ತ್ರವೈದ್ಯರು ದೊಡ್ಡ ಅಭಿಧಮನಿಯನ್ನು ಹೊಲಿಯುತ್ತಾರೆ, ಪೋರ್ಟಲ್ ಅಭಿಧಮನಿಯನ್ನು ಹೊಲಿಯುತ್ತಾರೆ, ಅಪಧಮನಿಯನ್ನು ಹೊಲಿಯುತ್ತಾರೆ, ಪಿತ್ತನಾಳವನ್ನು ಕೂಡಿಸುತ್ತಾರೆ. ಈ ನಾಲ್ಕೂ ಕಣ್ಣಿಗೆ ಕಾಣುವ ಹೊಲಿಗೆಗಳು. ಆದರೆ ಒಳಗಿನ ಲಕ್ಷಾಂತರ ಕಿರುದಾರಿಗಳಿಗೆ ಯಾವ ಸೂಜಿಯೂ ತಾಗುವುದಿಲ್ಲ. ಅವು ತಮ್ಮಷ್ಟಕ್ಕೆ ತೆರೆದುಕೊಳ್ಳಬೇಕು, ತೆರೆದೇ ಇರಬೇಕು. ಅವುಗಳಿಗೆ ಅಪಾಯ ಬರುವುದು ಮುಖ್ಯವಾಗಿ ಎರಡು ಕಡೆಗಳಿಂದ. ಒಂದು, ಶರೀರವು ಬಂದ ಅಂಗವನ್ನು ಪರಕೀಯವೆಂದು ಬಗೆದು ತಿರಸ್ಕರಿಸುವುದು. ಫ್ರಾನ್ಸಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಸಿಯಾದವರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಕಿರು ಅಭಿಧಮನಿಗಳ ಈ ತೊಂದರೆ ಕಂಡುಬಂತು. ಅಂಥವರಲ್ಲಿ ತಿರಸ್ಕಾರದ ಪ್ರಮಾಣ ಉಳಿದವರಿಗಿಂತ ಹೆಚ್ಚಾಗಿತ್ತು. ಇನ್ನೊಂದು, ಆ ತಿರಸ್ಕಾರವನ್ನು ತಡೆಯಲೆಂದೇ ಕೊಡುವ ಔಷಧ. ಒಂದು ಕಾಲದಲ್ಲಿ ಕಸಿಯಾದವರಿಗೆ ವಾಡಿಕೆಯಾಗಿ ಕೊಡುತ್ತಿದ್ದ ಅಜಥಯೋಪ್ರಿನ್ ಕೆಲವರಲ್ಲಿ ಈ ಕಿರುದಾರಿಗಳನ್ನು ಕೆಡಿಸಿತು. ಜಪಾನಿನ ತ್ಸುಕುಬಾ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯಿಂದ 1984ರಲ್ಲಿ ದೊರೆತ, ಇಂದು ಕಸಿಯಾದವರ ಪಾಲಿಗೆ ಪ್ರಾಣಾಧಾರವಾಗಿರುವ ಟ್ಯಾಕ್ರೊಲಿಮಸ್ ಕೂಡ, ಅಪರೂಪಕ್ಕೆ, ಹೀಗೆ ಮಾಡಿದ ಪ್ರಸಂಗಗಳು ವರದಿಯಾಗಿವೆ. ಕಾಯಬೇಕಾದದ್ದೇ ಕಾಡುವುದು ಎಂದರೆ ಇದು. ಹಾಗೆಂದು ಕಾಯುವುದನ್ನು ಕೈಬಿಡಲಾಗದು. ಬಿಟ್ಟರೆ ತಿರಸ್ಕಾರದ ಅಪಾಯ ಬಹು ದೊಡ್ಡದು. ಇಲ್ಲಿ ಬೇಕಾದುದು ಭಯವೂ ಅಲ್ಲ, ಉದಾಸೀನವೂ ಅಲ್ಲ, ಎಚ್ಚರ.

ಎಚ್ಚರವೆಂಬುದು ಮಾತಿನಲ್ಲಿ ಸುಲಭ, ಮನೆಯೊಳಗೆ ಕಷ್ಟ. ಸಿಂಧನೂರು ಸೀಮೆಯ ಒಬ್ಬ ಪ್ರೌಢಶಾಲೆಯ ಶಿಕ್ಷಕರ ಬಾಳಿನಲ್ಲಿ ನಡೆದದ್ದು ಇದಕ್ಕೆ ನಿದರ್ಶನ. ಅವರಿಗೆ ಆಗ 54 ವರ್ಷ. ಮದ್ಯವನ್ನು ಎಂದೂ ಮುಟ್ಟಿದವರಲ್ಲ. ಹಲವು ವರ್ಷಗಳ ಮಧುಮೇಹ ಹಾಗೂ ಯಕೃತ್ತಿನಲ್ಲಿ ಸೇರಿದ ಕೊಬ್ಬು ಸೇರಿಕೊಂಡು ಅವರ ಯಕೃತ್ತನ್ನು ಕಲ್ಲಿನಂತೆ ಮಾಡಿದ್ದವು. ಲಿವರ್ ಕೆಟ್ಟಿದೆ ಎಂದೊಡನೆ ಕುಡಿತದ ಶಂಕೆ ಮಾಡುವ ಲೋಕದ ನಾಲಿಗೆಯನ್ನೂ ಅವರು ಸಹಿಸಬೇಕಾಯಿತು. 2022ರಲ್ಲಿ ಬೆಂಗಳೂರಿನಲ್ಲಿ ಅವರಿಗೆ ಕಸಿಯಾಯಿತು. ಯಕೃತ್ತಿನ ಬಲಭಾಗವನ್ನು ಕೊಟ್ಟವರು ಅವರ ಧರ್ಮಪತ್ನಿ. ಹೊಟ್ಟೆಯ ಮೇಲೆ ಉದ್ದನೆಯ ಗಾಯದ ಗುರುತಿಟ್ಟುಕೊಂಡು ಇಬ್ಬರೂ ಊರಿಗೆ ಮರಳಿದಾಗ ಜನ ಕೈಮುಗಿದರು. ಆ ತಾಯಿಗೆ ಹೊಗಳಿಕೆ ಬೇಕಾಗಿರಲಿಲ್ಲ. ಆಸ್ಪತ್ರೆಯವರು ಹೇಳಿಕೊಟ್ಟಂತೆ ಮುಂಜಾನೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಗುಳಿಗೆ ಕೊಡುವುದು, ಯಜಮಾನರ ತೂಕ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು ಅವರ ನಿತ್ಯದ ಕಾಯಕವಾಯಿತು.

ಮೂರನೆಯ ತಿಂಗಳಲ್ಲಿ ತೂಕ ಏರತೊಡಗಿತು. 57 ಕಿಲೋ ಇದ್ದದ್ದು 58 ಆಯಿತು, 59 ಆಯಿತು. ಬಂದುಹೋಗುವವರಿಗೆ ಇದು ಸಂತೋಷದ ವಿಷಯ. ವರ್ಷಗಟ್ಟಲೆ ಬಡಕಲಾಗಿದ್ದ ಮೈ ತುಂಬಿಕೊಂಡಿತೆಂದು ಎಲ್ಲರೂ ಹಿಗ್ಗಿದರು. “ಮಾಸ್ತರ ಮೈ ತುಂಬ್ಯಾರವ್ವಾ, ನಿನ್ನ ಪುಣ್ಯ ಫಲಿಸ್ತು” ಎಂದರು ನೆರೆಮನೆಯ ಹಿರಿಯರೊಬ್ಬರು. ಆ ತಾಯಿ ಸುಮ್ಮನಿರಲಿಲ್ಲ. “ತೋಳು ನೋಡ್ರಿ ಕಾಕಾ, ತೋಳು ತುಂಬಿಲ್ಲ; ಹೊಟ್ಟಿ ಅಷ್ಟ ತುಂಬೈತಿ” ಎಂದರು. ತೂಕದ ಯಂತ್ರ ಅಂಕಿಯನ್ನು ಹೇಳಿತ್ತು. ಆ ಅಂಕಿ ಮಾಂಸದ್ದೋ ನೀರಿನದ್ದೋ ಎಂಬುದನ್ನು ಹೇಳಿದ್ದು ಹೆಂಡತಿಯ ಕಣ್ಣು.

ಆ ಹಿರಿಯರು ಮರುದಿನ ಪ್ರೀತಿಯಿಂದಲೇ ಒಂದು ಚೊಂಬು ಕಷಾಯ ತಂದರು. ಯಾವುದೋ ಸೊಪ್ಪಿನದು, ಹೊಟ್ಟೆಯುಬ್ಬರ ಇಳಿಯುತ್ತದೆಂದು ಯಾರೋ ಕೊಟ್ಟದ್ದು. ಹಿರಿಯರ ಕೈಯಿಂದ ಬಂದದ್ದನ್ನು ಬೇಡವೆನ್ನುವುದು ಸಣ್ಣ ಮಾತಲ್ಲ. ಆದರೂ ಆಕೆ ಅದನ್ನು ಪಡೆದುಕೊಂಡು, ಡಾಕ್ಟರನ್ನು ಕೇಳದೆ ಏನನ್ನೂ ಕೊಡುವಂತಿಲ್ಲವೆಂದು ವಿನಯದಿಂದ ಹೇಳಿ, ಕಟ್ಟೆಯ ಮೇಲೆ ಇಟ್ಟುಬಿಟ್ಟರು. ಹಿರಿಯರಿಗೆ ನೋವಾಯಿತು. ಕೆಲವು ದಿನ ಅವರು ಆ ಮನೆಯ ಕಡೆಗೆ ಬರಲಿಲ್ಲ. ಸರ್ಗುಜಾದ ಸಾಮೆಯ ಕಥೆ ಆಕೆಗೆ ತಿಳಿದಿರಲಿಲ್ಲ. ಕೇಳದೆ ಕೊಡಬಾರದೆಂಬ ಒಂದು ನೇಮವಷ್ಟೇ ತಿಳಿದಿತ್ತು, ಅಷ್ಟು ಸಾಕಾಯಿತು.

ಇದಕ್ಕಿಂತ ಕಠಿಣವಾದುದು ಇನ್ನೊಂದಿತ್ತು. ತೂಕ ಏರುವ ಮೊದಲೇ ಶಿಕ್ಷಕರಿಗೆ ಬಲಪಕ್ಕೆಯಲ್ಲಿ ನೋವು ಆರಂಭವಾಗಿತ್ತು. ಅವರು ಅದನ್ನು ಹೇಳಿರಲಿಲ್ಲ. ಪೈಜಾಮದ ಲಾಡಿಯನ್ನು ಸಡಿಲಿಸಿಕೊಂಡು, ಹಸಿವಿಲ್ಲದಿದ್ದರೂ ಎರಡು ರೊಟ್ಟಿ ತಿಂದು, ಚೆನ್ನಾಗಿದ್ದೇನೆ ಎನ್ನುತ್ತ ದಿನ ದೂಡಿದ್ದರು. ಸಾವಿಗೆ ಅಂಜಿ ಮುಚ್ಚಿಟ್ಟದ್ದಲ್ಲ. ತನ್ನ ಸಲುವಾಗಿ ಹೊಟ್ಟೆ ಕೊಯ್ಯಿಸಿಕೊಂಡವಳ ಮುಂದೆ, ‘ನೀನು ಕೊಟ್ಟದ್ದು ನನ್ನಲ್ಲಿ ನೆಲೆಯಾಗುತ್ತಿಲ್ಲ’ ಎಂದು ಹೇಗೆ ಹೇಳಲಿ ಎಂಬ ಸಂಕೋಚ. ಕೃತಜ್ಞತೆಯೇ ಬಾಯಿ ಕಟ್ಟಿತ್ತು. ತೂಕ 62 ದಾಟಿದ ರಾತ್ರಿ ಆಕೆ ನೋಟ್‌ಬುಕ್ಕನ್ನು ಮುಂದಿಟ್ಟು ಕೇಳಿದಾಗ ಅವರು ಬಾಯಿಬಿಟ್ಟರು. ಆಕೆ ಅಳಲಿಲ್ಲ, ಜರೆಯಲಿಲ್ಲ. ಆಸ್ಪತ್ರೆಗೆ ಫೋನು ಹಚ್ಚಿ, ಬಟ್ಟೆ ಕಟ್ಟಿ, ಮರುದಿನವೇ ಬೆಂಗಳೂರಿಗೆ ಹೊರಟರು.

ಅಲ್ಲಿ ಮೊದಲು ಡಾಪ್ಲರ್ ಪರೀಕ್ಷೆಯಾಯಿತು. ಹೊಲಿದ ದೊಡ್ಡ ರಕ್ತನಾಳಗಳೆಲ್ಲ ತೆರೆದಿದ್ದವು, ರಕ್ತ ಚೆನ್ನಾಗಿ ಹರಿಯುತ್ತಿತ್ತು. ಮನೆಯವರಿಗೆ ಹೋದ ಜೀವ ಬಂದಂತಾಯಿತು. ವೈದ್ಯರ ಮುಖ ಮಾತ್ರ ಸಡಿಲಾಗಲಿಲ್ಲ. ಹೊಳೆ ಸರಿಯಿದ್ದೂ ಹೊಲದಲ್ಲಿ ನೀರು ನಿಂತಿದ್ದರೆ ದೋಷವು ಕಣ್ಣಿಗೆ ಕಾಣದ ಕಡೆ ಇದೆಯೆಂದು ಅರ್ಥ. ಕುತ್ತಿಗೆಯ ಅಭಿಧಮನಿಯ ಮೂಲಕ ಸಪೂರ ನಳಿಕೆಯನ್ನು ಯಕೃತ್ತಿನವರೆಗೆ ಇಳಿಸಿ, ಒಳಗಿನ ಒತ್ತಡವನ್ನು ಅಳೆದು, ಎಳೆಯಷ್ಟು ಚೂರನ್ನು ಬಯಾಪ್ಸಿಗೆ ತೆಗೆದರು. ಹೊಟ್ಟೆಯಲ್ಲಿ ನೀರು ತುಂಬಿದಾಗ ಹೊರಗಿನಿಂದ ಸೂಜಿ ಚುಚ್ಚಿದರೆ ರಕ್ತಸ್ರಾವದ ಭಯವಿರುವುದರಿಂದ ಈ ಒಳದಾರಿ ಹಿಡಿಯುತ್ತಾರೆ. ಒತ್ತಡ ಏರಿತ್ತು. ಸೂಕ್ಷ್ಮದರ್ಶಕದಲ್ಲಿ ರಕ್ತಕುಹರಗಳು ಹಿಗ್ಗಿದ್ದವು, ಕಿರು ಅಭಿಧಮನಿಗಳ ಬಾಯಿ ಕಿರಿದಾಗಿತ್ತು, ಅವುಗಳ ಸುತ್ತಣ ಕೋಶಗಳು ಸಾಯತೊಡಗಿದ್ದವು. ಜೊತೆಗೆ ತಿರಸ್ಕಾರದ ಲಕ್ಷಣವೂ ಸ್ವಲ್ಪ ಇತ್ತು.

ವೈದ್ಯೆ ಇದನ್ನು ವಿವರಿಸಿದಾಗ ಆ ತಾಯಿ ಕೇಳಿದ್ದು ಒಂದೇ ಪ್ರಶ್ನೆ: “ನಾ ಕೊಟ್ಟದ್ದ ಕೆಟ್ಟಿತೇನ್ರಿ ಡಾಕ್ಟರ?” ಮೂರು ತಿಂಗಳು ದಂಪತಿಗಳಿಬ್ಬರೂ ತಮ್ಮ ತಮ್ಮ ಎದೆಯಲ್ಲಿ ಬೇರೆ ಬೇರೆಯಾಗಿ ಹೊತ್ತ ಭಾರ ಆ ಒಂದು ಪ್ರಶ್ನೆಯಲ್ಲಿತ್ತು. ವೈದ್ಯೆ ಹೇಳಿದರು: “ಇಲ್ಲಮ್ಮ, ನೀವು ಕೊಟ್ಟ ಲಿವರ್ ಚೆನ್ನಾಗಿದೆ, ಬೆಳೆದಿದೆ. ಅದರಿಂದ ರಕ್ತ ಹೊರಗೆ ಹೋಗುವ ಸಣ್ಣ ದಾರಿಗಳಿಗೆ ಪೆಟ್ಟಾಗಿದೆ. ಆ ಪೆಟ್ಟು ನಿಮ್ಮಿಂದ ಬಂದದ್ದಲ್ಲ, ಅವರಿಂದ ಬಂದದ್ದೂ ಅಲ್ಲ.” ಮಂಚದ ಮೇಲಿದ್ದ ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಇದು ಜವಳು ಹಿಡದಂಗ” ಎಂದರು. ಜವಳೆಂದರೇನೆಂದು ವೈದ್ಯೆಗೆ ತಿಳಿಯಲಿಲ್ಲ. ಹೆಂಡತಿಗೆ ತಿಳಿಯಿತು. ಅವರ ಎರಡೆಕರೆ ಗದ್ದೆ ಹಿಂದೊಮ್ಮೆ ಜವಳಾಗಿ, ಬಸಿಗಾಲುವೆ ತೋಡಿಸಿದ ಮೇಲೆ ಮತ್ತೆ ಬೆಳೆ ಕೊಟ್ಟದ್ದು ಇಬ್ಬರಿಗೂ ನೆನಪಿತ್ತು.

ಚಿಕಿತ್ಸೆ ಎರಡು ದಿಕ್ಕಿನಿಂದ ನಡೆಯಿತು. ಶಂಕೆಗೆ ಗುರಿಯಾದ ಟ್ಯಾಕ್ರೊಲಿಮಸ್ ಅನ್ನು ನಿಲ್ಲಿಸಿ ಅದರ ಸ್ಥಾನದಲ್ಲಿ ಸೈಕ್ಲೊಸ್ಪೊರಿನ್ ಕೊಟ್ಟರು. ತಿರಸ್ಕಾರವನ್ನು ಅಡಗಿಸಲು ಕೆಲವು ದಿನ ಸ್ಟಿರಾಯ್ಡ್ ಕೊಟ್ಟರು. ನಿಂತ ನೀರು ಇಳಿಯಲು ಮೂತ್ರವರ್ಧಕ ಔಷಧ, ಉಪ್ಪಿಲ್ಲದ ಊಟ. ಮೊದಲ ಎರಡು ವಾರ ಏನೂ ಇಳಿಯಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಅಂಕಿಗಳು ನಿಧಾನವಾಗಿ ಹಿಂದಕ್ಕೆ ಸರಿದವು: 61, 60, 58. ಏಳನೆಯ ವಾರಕ್ಕೆ ಹೊಟ್ಟೆ ಒಣಗಿತು. ಮುಂದಿನ ಜೂನಿನಲ್ಲಿ ಅವರು ಶಾಲೆಗೆ ಹಾಜರಾದರು. ಗುಣವಾಯಿತು ಎಂಬ ಮಾತನ್ನು ವೈದ್ಯರು ಹೇಳಲಿಲ್ಲ. ನೋಡುತ್ತಿರೋಣ ಎಂದಷ್ಟೇ ಹೇಳಿದರು.

ಎಲ್ಲರಿಗೂ ಹೀಗೆಯೇ ಆಗುವುದೆಂದು ಹೇಳುವುದು ಸತ್ಯವಾಗದು. ಔಷಧ ಬದಲಿಸಿದರೂ ಇಳಿಯದವರಿದ್ದಾರೆ. ಅಂಥವರಿಗೆ ಯಕೃತ್ತಿನೊಳಗೆ ಪೋರ್ಟಲ್ ಅಭಿಧಮನಿಯಿಂದ ಹೊರದಾರಿಗೆ ಒಂದು ಲೋಹದ ಜಾಲರಿಯ ನಳಿಕೆಯನ್ನಿಟ್ಟು ಒತ್ತಡ ಇಳಿಸುವ ಟಿಪ್ಸ್ ಎಂಬ ವಿಧಾನವಿದೆ. ಮುಖ್ಯ ಕಾಲುವೆಯ ನೀರಿಗೆ ಪಕ್ಕದ ದಾರಿ ತೋಡಿದಂತೆ ಅದು. ಡಿಫೈಬ್ರೊಟೈಡ್ ಎಂಬ ಔಷಧಕ್ಕೆ ಯುರೋಪಿನಲ್ಲಿ 2013ರಲ್ಲಿ, ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಆ ಅನುಮತಿ ಅಸ್ಥಿಮಜ್ಜೆ ಮತ್ತು ಕಾಂಡಕೋಶಗಳ ಕಸಿಯ ನಂತರ ಬರುವ ತೀವ್ರ ರೋಗಕ್ಕೆ ಸಂಬಂಧಿಸಿದ್ದು. ಯಕೃತ್ತಿನ ಕಸಿಯಾದವರಲ್ಲಿ ಅದನ್ನು ಬಳಸಿದ್ದು ಬಿಡಿಬಿಡಿ ಪ್ರಸಂಗಗಳಲ್ಲಿ ಮಾತ್ರ. ಇವಾವುವೂ ಫಲಿಸದಿದ್ದರೆ ಉಳಿಯುವುದು ಮತ್ತೊಂದು ಕಸಿ. ಮತ್ತೊಂದು ಯಕೃತ್ತು ಎಲ್ಲಿಂದ ಬರಬೇಕು? ಮನೆಯಲ್ಲಿ ಕೊಡಬಲ್ಲವರು ಒಮ್ಮೆ ಕೊಟ್ಟಾಗಿದೆ. ಮೆದುಳು ನಿಷ್ಕ್ರಿಯವಾಗಿ ಮರಣಿಸಿದವರ ಮನೆಯವರು ದುಃಖದ ನಡುವೆಯೂ ಒಪ್ಪಿದರೆ ಮಾತ್ರ ಅದು ಸಾಧ್ಯ. ಕರ್ನಾಟಕದಲ್ಲಿ ಇಂಥ ಅಂಗದಾನದ ಹೊಣೆ ಹೊತ್ತ ಸರ್ಕಾರಿ ಸಂಸ್ಥೆಗೆ ಜೀವಸಾರ್ಥಕತೆ ಎಂಬ ಹೆಸರಿದೆ. ದಾಸೋಹವೆಂಬ ಶಬ್ದವನ್ನು ನಿತ್ಯ ಬಳಸುವ ಸದ್ಭಕ್ತರು, ಅನ್ನವನ್ನು ನೀಡಿದ ಕೈ ಕಡೆಗಾಲದಲ್ಲಿ ಅಂಗವನ್ನೂ ನೀಡಬಹುದೆಂಬುದನ್ನು ಮನೆಯವರೊಡನೆ ಮೊದಲೇ ಮಾತನಾಡಿಟ್ಟರೆ ಒಳಿತು. ಆ ಗಳಿಗೆ ಬಂದಾಗ ಮಾತನಾಡಲು ಯಾರಿಗೂ ಬಾಯಿ ಬರುವುದಿಲ್ಲ.

ಶರಣಬಂಧುಗಳು ಇಷ್ಟನ್ನು ಮನಸ್ಸಿನಲ್ಲಿಡಬೇಕು. ಯಕೃತ್ತಿನ ಕಸಿಯಾದವರು ಮನೆಯಲ್ಲಿದ್ದರೆ ತೂಕವನ್ನು ದಿನವೂ ಒಂದೇ ಹೊತ್ತಿಗೆ ನೋಡಿ ಬರೆದಿಡಬೇಕು. ಒಂದೆರಡು ದಿನಗಳಲ್ಲಿ ತೂಕ ಒಮ್ಮೆಲೇ ಏರಿದರೆ, ಹೊಟ್ಟೆ ಬಿಗಿದರೆ, ಬಲಪಕ್ಕೆ ನೋಯ್ದರೆ, ಕಣ್ಣು ಹಳದಿಯಾದರೆ ಹಬ್ಬ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಔಷಧದ ಮೇಲೆ ಅನುಮಾನ ಬಂದರೆ ತಾವಾಗಿ ನಿಲ್ಲಿಸದೆ ಕೇಳಬೇಕು. ಬದಲಿಸುವುದು ವೈದ್ಯರ ಕೆಲಸ. ಸೊಪ್ಪು, ಬೇರು, ಕಷಾಯ, ಪುಡಿಗಳನ್ನು ಎಷ್ಟೇ ಪ್ರೀತಿಯಿಂದ ಯಾರೇ ತಂದರೂ ಕೇಳದೆ ಕೊಡಬಾರದು. ತರುವ ಹಿರಿಯರೂ ಬೇಡವೆಂದಾಗ ನೊಂದುಕೊಳ್ಳಬಾರದು. ಮೈ ತುಂಬಿದೆ ಎಂದು ಹರಸುವ ಮೊದಲು ತೋಳು ತುಂಬಿದೆಯೇ ಎಂದು ನೋಡಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಪಡೆದವರು ನೋವನ್ನು ಮುಚ್ಚಿಡಬಾರದು. ಕೊಟ್ಟವರಿಗೆ ಋಣ ತೀರಿಸುವ ಬಗೆ ಚೆನ್ನಾಗಿದ್ದೇನೆ ಎಂಬ ಸುಳ್ಳಲ್ಲ. ದೊಡ್ಡ ಮಾತುಗಳೆಲ್ಲ ಕಸಿಯ ದಿನವೇ ಆಗಿಹೋಗಿರುತ್ತವೆ: ಕೊಡುತ್ತೇನೆ ಎಂಬುದು, ಬದುಕಿದೆ ಎಂಬುದು. ಆಮೇಲೆ ಉಳಿಯುವುದು ಇಲ್ಲಿ ನೋಯುತ್ತದೆ, ಇಂದು ಊಟ ಸೇರಲಿಲ್ಲ, ಲಾಡಿ ಬಿಗಿಯಾಗುತ್ತಿದೆ ಎಂಬ ಸಣ್ಣ ಮಾತುಗಳು. ಕಾಯದಲ್ಲಿ ರಕ್ತಕ್ಕೆ ಕಿರುದಾರಿಗಳಿರುವಂತೆ ಮನೆಯಲ್ಲಿ ಈ ಮಾತುಗಳಿಗೂ ದಾರಿ ತೆರೆದಿರಬೇಕು. ಗಂಡನ ಸಂಕೋಚವಾಗಲಿ ಹೆಂಡತಿಯ ಅಳುಕಾಗಲಿ ಅದನ್ನು ಕಟ್ಟಬಾರದು. ಹಾಗೆ ಹೇಳಿದ ಒಂದು ಮಾತು ಒಂದು ವಾರ ಮುಂಚೆ ವೈದ್ಯರನ್ನು ಮುಟ್ಟಿದರೂ ಸಾಕು, ಕೊಟ್ಟವರ ಗಾಯ ಸಾರ್ಥಕವಾದೀತು.